ಮೂಗಿನ ತುದಿಯ ಬಡ್ತಿ

ಸೀಲಣ್ಣನ ಮೂಗಿನ ತುದಿಯಲ್ಲಿ ಅದು ಮಲಗುವಾಗ ಇರಲಿಲ್ಲ. ಬೆಳಿಗ್ಗೆ ಹಲ್ಲುಜ್ಜಲು ನಿಂತಾಗ ಇತ್ತು. ಕೆಂಪಗೆ, ದುಂಡಗೆ, ಅರಗಿನ ಮುದ್ರೆ ಒತ್ತಿದ ಹಾಗೆ. ಪಾರ್ಸೆಲ್ ಕಚೇರಿಯ ಹಿಂದಿನ ಕೋಣೆಯಲ್ಲಿ ಕೂತು ಕಂಡವರ ಗಂಟಿನ ಮೇಲೆಲ್ಲ ಸೀಲು ಒತ್ತಿ ಒತ್ತಿಯೇ ಅವನಿಗೆ ಆ ಹೆಸರು ಬಂದದ್ದು. ಈಗ ಯಾರೋ ಸೇಡು ತೀರಿಸಿಕೊಂಡು ಅವನ ಮೇಲೇ ಒಂದು ಒತ್ತಿಬಿಟ್ಟಂತಿತ್ತು.

ಬೇರೆ ದಿನವಾಗಿದ್ದರೆ ಹೋಗಲಿ ಅನ್ನುತ್ತಿದ್ದ. ಇವತ್ತು ಅವನನ್ನು ಮುಂದಿನ ಕೌಂಟರಿನಲ್ಲಿ ಕೂರಿಸಿ ನೋಡುವ ದಿನ. ಹಿಂದಿನ ಕೋಣೆಗೆ ಕಿಟಕಿಯಿಲ್ಲ. ಇರುವುದು ದೂಳು, ಗೋಣಿದಾರ, ಗೊರಗುಟ್ಟುವ ಒಂದು ಫ್ಯಾನು. ಕೌಂಟರಿಗಾದರೆ ಅಗಲವಾದ ಗಾಜು, ಗಾಜಿನಾಚೆ ಬೀದಿ. ಆ ಬೀದಿಯಲ್ಲೇ ಮಗಳು ಗೆಳತಿಯರ ಜೊತೆ ಕಾಲೇಜಿಗೆ ಹೋಗುವುದು. "ನಿಮ್ಮಪ್ಪ ಇಲ್ಲೇ ಕೆಲಸ ಮಾಡ್ತಾರೆ ಅಂತೀಯ, ಒಂದಿನಾನೂ ಕಂಡಿಲ್ವಲ್ಲೇ" ಎಂದು ಅವರು ಕೇಳಿದ್ದನ್ನು ಮಗಳು ನಗುನಗುತ್ತಾ ಹೇಳಿದ್ದಳು. ಅವನಿಗೆ ನಗು ಬಂದಿರಲಿಲ್ಲ.

"ಜನ ಮೊದಲು ನೋಡೋದು ಮುಖಾನೇ, ಸ್ವಲ್ಪ ನೀಟಾಗಿ ಬನ್ನಿ" ಎಂದು ಮ್ಯಾನೇಜರಮ್ಮ ಬೇರೆ ಹೇಳಿ ಕಳಿಸಿದ್ದರು.

ಮಗಳು ಮೂಗನ್ನು ಬೆಳಕಿಗೆ ತಿರುಗಿಸಿ ನೋಡಿದಳು. "ಅಪ್ಪ, ಇದು ಮೊಡವೆ."

"ನಲವತ್ತೇಳಕ್ಕೆ ಮೊಡವೆ ಬರುತ್ತೇನೇ?"

"ವಯಸ್ಸು ನೋಡ್ಕೊಂಡು ಬರಕ್ಕೆ ಅದೇನು ಪಿಂಚಣೀನಾ?" ಎನ್ನುತ್ತಾ ತನ್ನ ಮುಲಾಮು ತಂದುಕೊಟ್ಟಳು. "ಸ್ವಲ್ಪ ಹಚ್ಚು. ಸ್ವಲ್ಪ ಅಂದ್ರೆ ಸ್ವಲ್ಪ."

ಒಂದು ಸುತ್ತು ದಾರ ಸಾಕಾಗುವ ಗಂಟಿಗೆ ಮೂರು ಸುತ್ತು ಹಾಕುವ ಕೈ ಅವನದು. ಮುಖಕ್ಕೆಲ್ಲ ಬಳಿದ. ಅಂಗಿ ಇಸ್ತ್ರಿಯಾಗುವಷ್ಟರಲ್ಲಿ ಚರ್ಮ ಬಿಸಿಲಿಗಿಟ್ಟ ರಟ್ಟಿನಂತೆ ಸೆಟೆದುಕೊಂಡು, ಕಣ್ಣಿನ ಅಕ್ಕಪಕ್ಕ ಎಂದೂ ಇಲ್ಲದ ಗೆರೆಗಳು ಎದ್ದು ಕುಳಿತವು.

"ಇದೇನ್ರೀ, ರಾತ್ರಿ ಮಲಗಿದ್ದು ನೀವು, ಬೆಳಿಗ್ಗೆ ಎದ್ದಿದ್ದು ನಮ್ಮ ಮಾವನೋರಾ?" ಎಂದಳು ಹೆಂಡತಿ. ತನ್ನ ಸುಕ್ಕಿನ ಕ್ರೀಮು ತಂದು ತಾನೇ ಧಾರಾಳವಾಗಿ ತಿಕ್ಕಿದಳು. ತಿಕ್ಕಿ ಮುಗಿದ ಮೇಲೆ, "ಇವೆರಡನ್ನೂ ಒಟ್ಟಿಗೆ ಹಚ್ಬಾರ್ದು ಅಂತ ಯಾರೋ ಹೇಳಿದ್ರಪ್ಪ" ಎಂದು ನೆನಪಿಸಿಕೊಂಡಳು.

ಬಸ್ಸಿನಲ್ಲಿ ಅವನ ಮುಖ ಎರಡು ಪಕ್ಷಗಳ ಸಭೆಯಾಯಿತು. ಒಂದು ಒಣಗಿಸುತ್ತಿತ್ತು, ಇನ್ನೊಂದು ಜಿಡ್ಡು ಸುರಿಯುತ್ತಿತ್ತು. ನಡುವೆ ತುರಿಕೆ ಅವನ ಪಾಲಿಗೆ. ಕೈ ಕಟ್ಟಿ ಕುಳಿತರೂ ಬೆರಳು ತಾನಾಗಿ ಮೂಗಿಗೆ ಹೋಗುತ್ತಿತ್ತು. ಬಸ್ಸಿನ ಕಿಟಕಿ, ಅಂಗಡಿಯ ಗಾಜು, ನಿಂತಿದ್ದ ಸ್ಕೂಟರಿನ ಕನ್ನಡಿ, ಕೊನೆಗೆ ಕಚೇರಿಯ ತಕ್ಕಡಿಯ ಸ್ಟೀಲ್ ತಟ್ಟೆ, ಎಲ್ಲದರಲ್ಲೂ ಬಗ್ಗಿ ನೋಡಿಕೊಂಡ. ಪ್ರತಿಯೊಂದರಲ್ಲೂ ಮೂಗು ಹಿಂದಿನದಕ್ಕಿಂತ ದೊಡ್ಡದಾಗಿತ್ತು.

ಲೆಕ್ಕದವರು ಕನ್ನಡಕ ಏರಿಸಿ ನೋಡಿದರು. "ಮೂಗು ನೋಡಿದ್ರೆ ಹದಿನೆಂಟು, ಕಣ್ಣು ನೋಡಿದ್ರೆ ಎಂಬತ್ತು. ನೀವು ಯಾವ ಕಡೆ ಹೋಗ್ತಿದೀರಿ ಅಂತ ಮೊದಲು ತೀರ್ಮಾನ ಮಾಡ್ಕೊಳ್ರಿ."

"ಅವರ ಮಾತು ಬಿಡಿ, ಇಲ್ಲಿ ಬನ್ನಿ" ಎಂದು ಟೈಪಿಸ್ಟ್ ಅಕ್ಕ ತಮ್ಮ ಪೌಡರ್ ಡಬ್ಬಿ ತೆಗೆದರು. ಜಿಡ್ಡಿನ ಮೇಲೆ ಕೂತ ಪೌಡರು ಅರೆಗಳಿಗೆಯಲ್ಲಿ ಹಳೇ ಗೋಡೆಯ ಸುಣ್ಣದಂತೆ ಬಿರುಕು ಬಿಟ್ಟಿತು. ಸೀಲಣ್ಣ ಬಚ್ಚಲಿಗೆ ಓಡಿ, ಕೈತೊಳೆಯುವ ಸೋಪು ಹಾಕಿ, ಸಿಕ್ಕ ಒರಟು ಬಟ್ಟೆಯಲ್ಲಿ ಮುಖವನ್ನು ಪಾತ್ರೆ ಉಜ್ಜಿದಂತೆ ಉಜ್ಜಿದ. ಹೊರಗೆ ಬರುವಾಗ ಮುಖ ಕೆಂಡವಾಗಿತ್ತು, ಕೆನ್ನೆ ಸಿಪ್ಪೆ ಏಳುತ್ತಿತ್ತು, ಗಲ್ಲದ ಮೇಲೆ ಮೂಗಿನದಕ್ಕೆ ಇಬ್ಬರು ತಮ್ಮಂದಿರು ಹುಟ್ಟಿದ್ದರು.

ಅಷ್ಟರಲ್ಲಿ ಕೌಂಟರು ತೆಗೆಯುವ ಹೊತ್ತಾಯಿತು.

ಮೊದಲು ಬಂದವನು ಬಡಗಿ. ತಲೆ ಎತ್ತುವ ಮೊದಲೇ ಬಾಯಿ ತೆರೆದ. "ಏನ್ರೀ, ನನ್ನ ಉಳಿಗಳ ಪೆಟ್ಟಿಗೆ ಹೋಗಿ ಎಷ್ಟು ದಿನ ಆಯ್ತು, ನೀವೇನು ಇಲ್ಲಿ ಕತ್ತೆ…" ತಲೆ ಎತ್ತಿದ. ನಿಂತ. "ಏನಾಯ್ತು ಸ್ವಾಮಿ ಮುಖಕ್ಕೆ?"

"ಮೊಡವೆ."

"ಬರೀ ಮೊಡವೆಗೇ ಹೀಗಾ?"

"ಜೊತೆಗೆ ಸುಕ್ಕೂ ಇತ್ತು."

ಬಡಗಿಯ ದನಿ ಇಳಿಯಿತು. "ಪಾಪ. ಪೆಟ್ಟಿಗೆ ಬಂದಾಗ ಬರಲಿ ಬಿಡಿ. ಮೊದಲು ಮೈ ನೋಡ್ಕೊಳ್ಳಿ."

ಒಡೆದ ಗಾಜಿನ ಸಾಮಾನು ಹಿಡಿದು ಕೂಗಾಡಲು ಬಂದ ಟೀಚರಮ್ಮ ಲೋಳೆಸರ ಹಚ್ಚಲು ಹೇಳಿ ಹೋದರು. ಹಿಂದಿದ್ದ ಮುದುಕರು ಲೋಳೆಸರ ಬೇಡವೇ ಬೇಡ ಎಂದು ವಾದಕ್ಕೆ ನಿಂತು, ತಾವು ಬಂದದ್ದು ಯಾಕೆ ಎಂಬುದನ್ನೇ ಮರೆತು ಹೊರಟರು. ಸಾಲಿನಲ್ಲಿದ್ದವರೆಲ್ಲ ಒಂದೊಂದು ಮದ್ದು ಹೇಳಿದರು. ಸೀಲಣ್ಣನಿಗೆ ಭೂಮಿ ಬಾಯಿಬಿಟ್ಟರೆ ಸಾಕೆನ್ನಿಸಿತು. ಬಾಗಿಲ ಮರೆಯಲ್ಲಿ ಮ್ಯಾನೇಜರಮ್ಮ ಕೈಕಟ್ಟಿ ನಿಂತು ಎಲ್ಲವನ್ನೂ ನೋಡುತ್ತಿದ್ದರು. ಮಧ್ಯಾಹ್ನ ಮಗಳು ಗೆಳತಿಯರ ಜೊತೆ ಗಾಜಿನ ಮುಂದೆ ಬಂದು ನಿಂತಾಗ, ಪೆನ್ನು ಬಿದ್ದವನಂತೆ ಮೇಜಿನಡಿಗೆ ನುಸುಳಿ, ಅವರು ಹೋದರೆಂದು ಖಾತ್ರಿಯಾಗುವವರೆಗೂ ಮೇಲೇಳಲಿಲ್ಲ.

ಕೊನೆಗೆ ಬಂದವರು ಚರ್ಮದ ಡಾಕ್ಟರಮ್ಮ. ಅವರೊಬ್ಬರೇ ಗಾಬರಿಯಾಗಲಿಲ್ಲ.

"ಈ ವಯಸ್ಸಲ್ಲಿ ಚರ್ಮ ಒಣಗೋದೂ ಉಂಟು, ಮೊಡವೆ ಬರೋದೂ ಉಂಟು. ನೀವು ಎರಡಕ್ಕೂ ಒಂದೇ ದಿನ ಯುದ್ಧ ಸಾರಿದೀರಿ. ಎಲ್ಲಾ ಬಿಟ್ಟುಬಿಡಿ. ಮೆಲ್ಲಗೆ ತೊಳೀರಿ, ಜಿಡ್ಡಿಲ್ಲದ ಕ್ರೀಮ್ ತೆಳ್ಳಗೆ ಹಚ್ಚಿ, ಬಿಸಿಲಲ್ಲಿ ತಿರುಗ್ಬೇಡಿ. ವಾಸಿಯಾಗುತ್ತೆ."

ಸಂಜೆ ಮ್ಯಾನೇಜರಮ್ಮ ಕರೆದಾಗ ಅವನು ಆ ಕೊನೆಯ ಮಾತನ್ನೇ ಹಿಡಿದುಕೊಂಡು ಒಳಗೆ ಹೋದ. "ಅಮ್ಮಾ, ಇನ್ನೊಂದು ಅವಕಾಶ ಕೊಡಿ. ಇದು ವಾಸಿಯಾಗುತ್ತಂತೆ."

"ವಾಸಿ ಯಾಕ್ರೀ ಆಗ್ಬೇಕು? ಇವತ್ತು ಇಡೀ ದಿನ ಕೌಂಟರಲ್ಲಿ ಒಂದು ಜಗಳ ಇಲ್ಲ. ಬೈಯಕ್ಕೆ ಬಂದವರೆಲ್ಲ ನಿಮ್ಮನ್ನೇ ಸಮಾಧಾನ ಮಾಡಿ ಹೋದ್ರು. ಕೌಂಟರು ನಿಮ್ಮದೇ. ಮುಖ ಮಾತ್ರ ಹೀಗೇ ಇಟ್ಕೊಂಡು ಬನ್ನಿ."

ಸೀಲಣ್ಣ ಮನೆಗೆ ಹಾರಿಕೊಂಡೇ ಬಂದ. ದಾರಿಯುದ್ದಕ್ಕೂ ಡಾಕ್ಟರಮ್ಮನನ್ನೂ ಮ್ಯಾನೇಜರಮ್ಮನನ್ನೂ ತೂಗಿ ನೋಡಿ, ಹೊಸ್ತಿಲು ದಾಟುವಾಗ ಗಟ್ಟಿ ಮನಸ್ಸು ಮಾಡಿದ್ದ. "ಎಲ್ಲಿದೆಯಮ್ಮ ಆ ಮುಲಾಮು? ನಿಮ್ಮಮ್ಮನ ಕ್ರೀಮೂ ಕೊಡು."

"ಎರಡನ್ನೂ ಎಸೆದೆ" ಎಂದಳು ಮಗಳು. "ಗಾಜಿನಾಚೆಯಿಂದ ನೋಡಿದೆನಪ್ಪ. ನೀನು ಬಚ್ಚಿಟ್ಕೊಂಡಾಗ ನನಗೆ ಅಳು ಬಂತು. ಮದ್ದಿನಂಗಡೀಲಿ ಕೇಳಿ ಒಳ್ಳೇದು ತಂದಿದೀನಿ. ಕೂತ್ಕೋ, ನಾನೇ ಹಚ್ತೀನಿ."

ಬೇಡ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಅವಳ ತಣ್ಣನೆಯ ಬೆರಳು ಹಣೆಗೆ ತಾಗಿತು. ಬೆಳಗಿನಿಂದ ಒಂದು ಕಡೆ ನಿಲ್ಲದ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದುಕೊಂಡವು. ಕೌಂಟರು ಕೈಬಿಟ್ಟು ಹೋಗುತ್ತಿರುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕಣ್ಣು ಮುಚ್ಚಿ ಮುಖ ಒಡ್ಡಿ ಕುಳಿತ.

ಆ ವಾರ ಕಳೆಯುವಷ್ಟರಲ್ಲಿ ಮುಖ ತಿಳಿಯಾಯಿತು, ಗೆರೆಗಳೂ ಮೆತ್ತಗಾದವು. ಹೊಳೆಯುವ ಆ ಮುಖವನ್ನು ಕಂಡದ್ದೇ ತಡ, ಸಾಲಿನಲ್ಲಿದ್ದವರೆಲ್ಲ ಸೇರಿ ತಿಂಗಳಿಂದ ಕೂಡಿಟ್ಟ ಸಿಟ್ಟನ್ನು ಒಂದೇ ಬೆಳಿಗ್ಗೆ ಇಳಿಸಿದರು. "ಜನ ಒದ್ದಾಡ್ತಿದ್ರೆ ಇವನು ಮಾತ್ರ ಹೇಗೆ ಮಿರಮಿರ ಮಿಂಚ್ತಾ ಕೂತಿದಾನೆ ನೋಡಿ" ಎಂದು ಶುರು ಮಾಡಿದವನು ಅದೇ ಬಡಗಿ.

ಊಟದ ಹೊತ್ತಿಗೆ ಸೀಲಣ್ಣ ಹಿಂದಿನ ಕೋಣೆಯಲ್ಲಿದ್ದ. ಹತ್ತು ವರ್ಷದಲ್ಲೇ ಇಷ್ಟು ಚೆನ್ನಾಗಿ ಕಂಡಿರದ ಆ ಮುಖವನ್ನು ನೋಡಲು ಅಲ್ಲಿ ಗೋಣಿಚೀಲಗಳು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.