ಸೋಮವಾರವೂ ಸೂಟಿ ಮಾಡದ ಕೈನೇಸ್ ಅವರಿಗೆ

ನನ್ನ ಎಲುಬಿನ ಮಜ್ಜೆಯಲ್ಲಿ ಬಾಡಿಗೆ ಕರಾರಿಲ್ಲದೆ ವಾಸವಾಗಿರುವ ಶ್ರೀ ಪ್ರೋಟೀನ್ ಕೈನೇಸ್ ಅವರ ಸನ್ನಿಧಿಗೆ, ಸಂಶಿಯ ಗಣಿತ ಶಿಕ್ಷಕಿ ನಂದಾ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ಮೊದಲಿಗೆ ತಮ್ಮ ಕರ್ತವ್ಯನಿಷ್ಠೆಗೆ ಅಭಿನಂದನೆ. ಜೀವಕೋಶಗಳಿಗೆ ‘ಬೆಳೆಯಿರಿ’ ಎಂದು ಅಪ್ಪಣೆ ಕೊಟ್ಟು ಆಮೇಲೆ ಸುಮ್ಮನಾಗುವುದು ತಮ್ಮ ಕುಲದವರ ವಾಡಿಕೆ. ತಾವು ಮಾತ್ರ ಸುಮ್ಮನಾಗುವುದನ್ನೇ ಮರೆತು, ರವಿವಾರವೆನ್ನದೆ ಹಬ್ಬವೆನ್ನದೆ ಅಪ್ಪಣೆ ಕೊಡುತ್ತಲೇ ಹೋಗಿ, ನನ್ನ ರಕ್ತದಲ್ಲಿ ಬಿಳಿ ಕಣಗಳ ಸಂತೆ ನೆರೆಸಿದಿರಿ. ರಕ್ತದ ಕ್ಯಾನ್ಸರ್ ಎಂದರು. ತಮ್ಮ ಗುರುತಿನಿಂದಲೇ ಅದು ಪತ್ತೆಯಾಯಿತು. ಇಷ್ಟು ಪ್ರಾಮಾಣಿಕವಾಗಿ ವಿಳಾಸ ಬಿಟ್ಟುಹೋಗುವ ಕಳ್ಳರು ಈ ಕಾಲದಲ್ಲಿ ಅಪರೂಪ.

ವಿಜ್ಞಾನಿಗಳು ವರ ನೋಡಿದ ಹಾಗೆ ರಾಶಿ ರಾಶಿ ಅಣುಗಳನ್ನು ತಮ್ಮ ಮುಂದೆ ತಂದು ಕೂರಿಸಿ, ಇದು ಬೇಡ ಅದು ಬೇಡ ಎಂದು ಸೋಸಿ, ಕಡೆಗೆ ತಮ್ಮ ಬಾಯಿ ಮುಚ್ಚಿಸುವ ಒಂದು ಗುಳಿಗೆ ಹುಡುಕಿದರು. ದಿನಕ್ಕೊಂದು, ಊಟದ ಜೊತೆ. ತಾವು ತೆಪ್ಪಗಾದಿರಿ. ಅತ್ತೆ ಶಾರದವ್ವ ಹಿಗ್ಗಿ, ನಾನು ಇಪ್ಪತ್ತೊಂದು ಸೋಮವಾರ ಉಪವಾಸವಿರುವುದಾಗಿ ಶಿವನಿಗೆ ಹರಕೆ ಹೊತ್ತುಬಿಟ್ಟರು. “ಗುಳಿಗಿ ಉಂಡಮ್ಯಾಲ ತಗೋಬೇಕಲ್ಲಾ? ಇವತ್ತ ಊಟನ ಇಲ್ಲ, ಗುಳಿಗಿಗೂ ಸೂಟಿ ಕೊಡವಾ” ಎಂದರು. ಲೆಕ್ಕ ಕಲಿಸುವ ನನಗೂ ಅದು ಸರಿಯೆನಿಸಿತು!

ಶಿವಭಕ್ತರ ಮನೆಯಲ್ಲಿ ಇರುವವರು, ಸೋಮವಾರವನ್ನಾದರೂ ಪಾಲಿಸುವಿರೆಂದು ನಂಬಿದ್ದೆ. ಆದರೆ ನನಗೆ ಉಪವಾಸ, ತಮಗೆ ಹೋಳಿಗೆ. ಒಂಬತ್ತು ಸೋಮವಾರ ಕಳೆಯುವಷ್ಟರಲ್ಲಿ ತಾವು ಮತ್ತೆ ಏರಿದ್ದಿರಿ. ಹುಬ್ಬಳ್ಳಿಯ ಡಾಕ್ಟರು ವರದಿ ತೋರಿಸಿದಾಗ, ಸೋಮವಾರದ ಗುಳಿಗೆ ಬಿಟ್ಟದ್ದನ್ನು ಒಪ್ಪಿಕೊಂಡೆ. ಅತ್ತೆ ಅವರ ಎದುರೇ ತೀರ್ಮಾನ ಮಾಡಿದರು: “ಮತ್ತ ಮೊದಲಿಂದ ಇಪ್ಪತ್ತೊಂದೂ ಉಪಾಸ ನಾ ಮಾಡ್ತೀನ್ರಿ, ಅಕಿ ಉಣ್ಣಲಿ.” ಅಂದಿನಿಂದ ಸೋಮವಾರ ಬಂತೆಂದರೆ ಅವರು ಬರಿ ಹೊಟ್ಟೆಯಲ್ಲಿ ನನಗೆ ರೊಟ್ಟಿ ಬಡಿದು, ನಾನು ಗುಳಿಗೆ ನುಂಗುವವರೆಗೆ ಎದುರಿನಿಂದ ಏಳುವುದಿಲ್ಲ. ಮೊನ್ನೆಯ ವರದಿಯಲ್ಲಿ ತಾವು ಪಾತಾಳಕ್ಕಿಳಿದಿದ್ದೀರಿ. ನಾನು ಬಸ್ ಸ್ಟ್ಯಾಂಡಿನಲ್ಲಿ ಕುಣಿಯುವುದೊಂದೇ ಬಾಕಿಯಿತ್ತು.

ಆದ್ದರಿಂದ ಬಿನ್ನಹ. ತಮ್ಮಂಥ ದುಡಿಮೆಗಾರರು ನಮ್ಮ ಹೊಲದ ಮೆಣಸಿನ ಗಿಡಗಳಿಗೆ ವರ್ಗ ಮಾಡಿಸಿಕೊಂಡು, ಅಲ್ಲಿ ‘ಬೆಳೆಯಿರಿ’ ಎಂದು ಗಂಟಲು ಹರಿಯುವಂತೆ ಕೂಗಬೇಕು. ಅದಾಗದಿದ್ದರೆ ಉಳಿದ ಸೋಮವಾರಗಳ ಉಪವಾಸವನ್ನು ತಾವೇ ವಹಿಸಿಕೊಳ್ಳಬೇಕು. ಎಪ್ಪತ್ತರ ಜೀವವೊಂದು ನನಗಾಗಿ ಹಸಿದಿರುವುದನ್ನು ನೋಡಲಾಗುತ್ತಿಲ್ಲ. ನಾನು ಬದುಕಬೇಕು, ಅವರಿಗೆ ನನ್ನ ಕೈಯಾರೆ ಬಡಿಸಬೇಕು.

ಒಂಬತ್ತು ವಾರ ನಂಬಿ ಕೆಟ್ಟ, ತಮ್ಮ ವಿಶ್ವಾಸಿ,
ನಂದಾ

ವಿ.ಸೂ.: ಉತ್ತರ ಬರೆಯುವ ತೊಂದರೆ ಬೇಡ, ಮೂರು ತಿಂಗಳಿಗೊಮ್ಮೆ ರಕ್ತದಲ್ಲೇ ಓದಿಕೊಳ್ಳುತ್ತೇವೆ. ಹದಿನೆಂಟು ವರ್ಷದ ನೌಕರಿಯಲ್ಲಿ ಯಾವ ಮಗುವಿಗೂ ಸೊನ್ನೆ ಕೊಟ್ಟವಳಲ್ಲ ನಾನು. ತಮಗೆಂದೇ ಒಂದು ಸೊನ್ನೆ ತೆಗೆದಿಟ್ಟಿದ್ದೇನೆ.