ಹಳದಿ ಬಂದ ದಿನ

ಒಂದು ಸತ್ತ ಸಿಗಡಿಯ ದೆಸೆಯಿಂದ ಗಂಡ ಹೆಂಡತಿ ಜಗಳಕ್ಕೆ ಬಿದ್ದಿದ್ದನ್ನು ನೀವು ಎಲ್ಲೂ ಕಂಡಿರಲಾರಿರಿ. ಗುಮಾಸ್ತರ ಮನೆಯಲ್ಲಿ ಆಗಿದ್ದು ಅದೇ. ನಡುಮನೆಯಲ್ಲಿ ಮಂಚದಷ್ಟು ಉದ್ದದ ಗಾಜಿನ ತೊಟ್ಟಿ, ತುಂಬ ಉಪ್ಪುನೀರು, ತಳದಲ್ಲಿ ಕಲ್ಲುಗಳು, ಕಲ್ಲಿನ ಮೇಲೆ ಆ ಸಿಗಡಿ. ಮೀನು ಮಾತ್ರ ಇಲ್ಲ! ಸಿಗಡಿ ಕೊಳೆತು ನೀರು ವಿಷವಾಗಬೇಕು, ಆ ವಿಷ ತಿನ್ನುವ ಸೂಕ್ಷ್ಮಜೀವಿಗಳು ಕಲ್ಲಿನಲ್ಲಿ ಬೆಳೆಯಬೇಕು, ಅವು ಎಲ್ಲವನ್ನೂ ತಿಂದು ತೇಗಿದ ಮೇಲೆಯೇ ಮೀನು ಬಿಡಬೇಕು ಎಂದು ಮೀನು ಮಾರುವವನ ಅಪ್ಪಣೆ. ಆರು ವಾರದಿಂದ ಗುಮಾಸ್ತರು ಕೂತಲ್ಲಿ ಕೂರದೆ ನಿಂತಲ್ಲಿ ನಿಲ್ಲದೆ ಸೊರಗಿದ್ದರು.

“ರೀ, ಇವತ್ತು ಸಂಜೆಯೊಳಗೆ ಅದರಲ್ಲಿ ಮೀನು ಓಡಾಡ್ಬೇಕು. ಇಲ್ದಿದ್ರೆ ತೊಟ್ಟಿ ಬೀದಿಗೆ,” ಎಂದು ಹೆಂಡತಿ ಬೆಳಿಗ್ಗೆ ಕಡ್ಡಿ ಮುರಿದಂತೆ ಹೇಳಿ ಸ್ನಾನಕ್ಕೆ ಹೋದಳು.

ಗುಮಾಸ್ತರು ಪುಟ್ಟ ಗಾಜಿನ ಕೊಳವೆಗೆ ತೊಟ್ಟಿಯ ನೀರು ತುಂಬಿ, ಪರೀಕ್ಷೆಯ ಔಷಧ ಹನಿಸಿದರು. ಹಸಿರಾದರೆ ವಿಷ, ಹಳದಿಯಾದರೆ ಶುದ್ಧ. ಹಳದಿ! ಕುಣಿಯುವುದೊಂದೇ ಬಾಕಿ. ಆದರೆ ಮೀನು ಮಾರುವವನು ಹಳದಿಯನ್ನು ಕಣ್ಣಾರೆ ನೋಡದೆ ಮೀನು ಕೊಡುವ ಆಸಾಮಿಯಲ್ಲ. ಇವರಿಗೆಂದು ಎತ್ತಿಟ್ಟಿದ್ದ ಮೀನಿನ ಜೋಡಿಯನ್ನು ಮಧ್ಯಾಹ್ನ ಎರಡರ ಮೇಲೆ ಬೇರೆಯವರಿಗೆ ಕೊಡುತ್ತೇನೆಂದೂ ಎಚ್ಚರಿಸಿದ್ದ. ಕೊಳವೆಯನ್ನು ಜೇಬಿಗೆ ಸಿಕ್ಕಿಸಿಕೊಂಡು ಗುಮಾಸ್ತರು ಕಚೇರಿಗೆ ಓಡಿದರು.

ಕಚೇರಿಯಲ್ಲಿ ಒಂದು ಕಡತವೂ ಮುಂದೆ ಸಾಗಲಿಲ್ಲ. ಗಡಿಯಾರ ನೋಡುವುದು, ಕೊಳವೆ ತೆಗೆದು ಬೆಳಕಿಗೆ ಹಿಡಿಯುವುದು, ಮತ್ತೆ ಗಡಿಯಾರ. ಪಕ್ಕದ ಮೇಜಿನ ಟೈಪಿಸ್ಟ್ ಕಂಡಳು.

“ಅಯ್ಯೋ ಅಣ್ಣಾ! ಯಾವಾಗಿಂದ ಇದು?”

“ಆರು ವಾರ ಆಯ್ತಮ್ಮ. ದಿನಾ ಹಸಿರೇ ಬರ್ತಿತ್ತು. ಇವತ್ತು ನೋಡು, ಹಳದಿ!”

ಅವಳು ಬಾಯಿಗೆ ಸೆರಗು ಹಿಡಿದಳು. ಐದು ನಿಮಿಷದಲ್ಲಿ ಇಡೀ ಕಚೇರಿ ಮೇಜಿನ ಸುತ್ತ. “ಉರಿ ಇದೆಯಾ?” ಎಂದನೊಬ್ಬ. “ನೀರು ಜಾಸ್ತಿ ಕುಡೀರಿ,” ಎಂದನಿನ್ನೊಬ್ಬ. ಗದ್ದಲ ಕೇಳಿ ಬಂದ ಸಾಹೇಬರು ಕೊಳವೆ ಕಂಡು ಎರಡು ಹೆಜ್ಜೆ ಹಿಂದೆ ಸರಿದರು.

“ಆರು ವಾರ ಹಸಿರು ಹೋಗ್ತಿದ್ರೂ ಬಾಯಿ ಮುಚ್ಕೊಂಡು ಕೆಲಸ ಮಾಡಿದ್ರೇನ್ರೀ? ಮೊದ್ಲು ಡಾಕ್ಟರ ಹತ್ರ ಓಡಿ!”

ಗುಮಾಸ್ತರು ನಿಜ ಹೇಳಲು ಬಾಯಿ ತೆರೆದರು. ಗಡಿಯಾರದಲ್ಲಿ ಒಂದೂವರೆ. ಬಾಯಿ ಮುಚ್ಚಿ, ನರಳುತ್ತಾ ಎದ್ದರು.

ಮೀನಿನ ಅಂಗಡಿಯವನು ಕೊಳವೆಯನ್ನು ತಿರುಗಿಸಿ ಮುರುಗಿಸಿ ನೋಡಿ, “ಅಂತೂ ಗೆದ್ರಿ ಬಿಡಿ,” ಎಂದು ಎರಡು ಕಿತ್ತಳೆ ಬಣ್ಣದ ಮೀನುಗಳನ್ನು ನೀರಿನ ಚೀಲದಲ್ಲಿ ಕಟ್ಟಿಕೊಟ್ಟ. ಚೀಲ ಅಲುಗೀತೆಂದು ಗುಮಾಸ್ತರು ಬಸ್ಸು ಹತ್ತದೆ, ಹಸುಗೂಸನ್ನು ಎತ್ತಿಕೊಂಡಂತೆ ನಡೆದೇ ಬಂದರು.

ಮನೆ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಳಗೆ ನೆರೆಹೊರೆಯೆಲ್ಲ ಸೇರಿತ್ತು. ಕುರ್ಚಿಯಲ್ಲಿ ಸಾಕ್ಷಾತ್ ಸಾಹೇಬರು!

ಹೆಂಡತಿ ಅತ್ತು ಕಣ್ಣು ಕೆಂಪಾಗಿಸಿಕೊಂಡಿದ್ದಳು. “ಸಾಹೇಬ್ರು ಫೋನ್ ಮಾಡಿ, ಆಮೇಲೆ ತಾವೇ ಬಂದ್ರು ರೀ. ಆರು ವಾರದಿಂದ ಕಾಯಿಲೆ ಅಂದ್ರು. ಈ ತೊಟ್ಟಿ ಬಂದೂ ಆರು ವಾರ! ನಂಗೆ ತಕ್ಷಣ ಹೊಳೀತು.”

ಪಕ್ಕದ ಮನೆಯ ನಿವೃತ್ತ ಕಾಂಪೌಂಡರ್ ಒದ್ದೆ ತೋಳು ಒರೆಸಿಕೊಳ್ಳುತ್ತಾ ಮುಂದೆ ಬಂದರು. “ಈ ಕೊಳೆತ ನೀರಿನ ವಿಷವೇ ನಿಮ್ಮ ಮೂತ್ರಕ್ಕೆ ಇಳಿದಿದ್ದು ಸ್ವಾಮಿ! ನಾನೇ ನಿಂತು ಖಾಲಿ ಮಾಡಿಸ್ದೆ. ಕಲ್ಲುಗಳನ್ನೂ ಕುದಿಯೋ ನೀರಲ್ಲಿ ಸೋಪು ಹಾಕಿ ಉಜ್ಜಿದೀವಿ. ಒಂದೇ ಒಂದು ಕ್ರಿಮಿ ಉಳಿದಿದ್ರೆ ಕೇಳಿ.”

ತೊಟ್ಟಿ ಫಳಫಳ ಹೊಳೆಯುತ್ತಿತ್ತು. ಆರು ವಾರ ಸಾಕಿದ ಜೀವಿಗಳೆಲ್ಲ ಬಚ್ಚಲು ಸೇರಿದ್ದವು. ಗುಮಾಸ್ತರು “ಅಯ್ಯೋ!” ಎಂದು ಚೀರಿ ಕುಸಿದು ಕೂತರು.

“ಈ ಸ್ಥಿತೀಲಿ ಮೀನು ಬೇರೆ ಕೇಡು!” ಎಂದು ಹೆಂಡತಿ ಚೀಲ ಕಿತ್ತು ಕಾಂಪೌಂಡರ್ ಕೈಗಿತ್ತಳು. “ಅಂಗಡಿಗೆ ವಾಪಸ್ ಕೊಟ್ಟು ಬನ್ನಿ. ತೊಟ್ಟೀನೂ ಒಯ್ಯೋಕೆ ಹೇಳಿ.”

“ಪಾಪ, ಎಷ್ಟು ನೋವು ನೋಡಿ!” ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು. “ಎಲ್ರೀ ನೋವು? ಸರಿಯಾಗಿ ತೋರಿಸಿ.”

ಗುಮಾಸ್ತರು ಬಾಗಿಲು ದಾಟುತ್ತಿದ್ದ ಮೀನುಗಳನ್ನು ನೋಡಿದರು, ಸಾಹೇಬರನ್ನು ನೋಡಿದರು. ಆಮೇಲೆ ಮೆಲ್ಲಗೆ ಕಿಬ್ಬೊಟ್ಟೆಯ ಮೇಲೆ ಕೈಯಿಟ್ಟುಕೊಂಡರು.

“ಇಲ್ಲೇ ಸಾರ್,” ಎಂದರು.