ಹೊತ್ತಾಯಿತು, ಹೋಗಿ ಬನ್ನಿ

ಆರ್‌ಪಿಸಿ ಲೇಔಟಿನ ನಮ್ಮ ಬೀದಿಯಲ್ಲಿ ಕಂಪ್ಯೂಟರ್ ಬಲ್ಲವನು ನಾನೊಬ್ಬನೇ ಎಂಬ ನಂಬಿಕೆ ನನಗಿತ್ತು. ಬೀದಿಗೆ ಇರಲಿಲ್ಲ, ಅದು ಬೇರೆ ಮಾತು.

ಆ ವರ್ಷ ದಸರಾ ಗೊಂಬೆಗಳ ಪಕ್ಕದಲ್ಲೇ ಕಂಪ್ಯೂಟರ್ ಇಟ್ಟು, ಪರದೆಯ ಮೇಲೆ ಜಂಬೂಸವಾರಿಯ ಚಿತ್ರಗಳನ್ನು ಓಡಿಸಿದ್ದೆ. ನನ್ನ ಹೆಂಡತಿ ನಾಗಮಣಿಗೆ ಒಂದೇ ಚಿಂತೆ. ಹಿಂದಿನ ವರ್ಷ ಎದುರುಮನೆಯ ಶಾರದಮ್ಮನವರನ್ನು ಗೊಂಬೆ ನೋಡಲು ಕರೆಯುವುದು ಮರೆತಿದ್ದಳು. ಅವರು ಮಾತು ಬಿಟ್ಟಿದ್ದರು. ಈ ಸಲ ಅವರ ಮನೆಗೇ ಹೋಗಿ ಕುಂಕುಮ ಕೊಟ್ಟು, ಕೈ ಹಿಡಿದು ಕರೆದು ಬಂದಿದ್ದಳು.

"ವಿಜಯದಶಮಿ ಸಂಜೆ ಬರ್ತೀನಿ ಅಂದಿದಾರೆ ಕಣ್ರೀ. ನಗ್ತಾ ಮನೆಗೆ ಹೋಗ್ಬೇಕು ಅವ್ರು. ನೀವೇನೂ ಮಾಡ್ಬೇಡಿ, ಅಷ್ಟು ಮಾಡಿದ್ರೆ ಸಾಕು."

ಏನೂ ಮಾಡದಿರುವುದು ನನ್ನ ಜಾಯಮಾನವಲ್ಲ! ವಿಜಯದಶಮಿ ಸಂಜೆ ಆರತಿಯಾದ ಮೇಲೆ ಒಂದು ಗೊಂಬೆಯನ್ನು ಮಲಗಿಸುತ್ತೇವಲ್ಲ, ಆಗ ಕಂಪ್ಯೂಟರೂ ಮಲಗಬೇಕು. ಮಲಗುವ ಮುನ್ನ ಬಂದವರಿಗೆಲ್ಲ ವಿನಯದಿಂದ ವಿದಾಯ ಹೇಳಬೇಕು ಎಂದು ತೀರ್ಮಾನಿಸಿದೆ. ನಾಲ್ಕು ಸಾಲಿನ ಪ್ರೋಗ್ರಾಂ ಬರೆದು, ಆಫ್ ಆಗುವಾಗ ಇದನ್ನು ತೋರಿಸತಕ್ಕದ್ದು ಎಂದು ಕಂಪ್ಯೂಟರಿಗೆ ಅಪ್ಪಣೆ ಕೊಟ್ಟೆ: 'ಹೊತ್ತಾಯಿತು. ಹೋಗಿ ಬನ್ನಿ.'

ಪರೀಕ್ಷಿಸಿದೆ. ಸಂದೇಶ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ! ಓಕೆ ಒತ್ತುವವರೆಗೆ ಕದಲಕೂಡದು ಎಂದು ತಿದ್ದಿದೆ. ಈಗ ಅದು ಪರದೆಯ ಹಿಂದೆಲ್ಲೋ ಅಡಗಿ ಕೂತಿತು. ಅದು ಕಾಣದೆ ನಾನು ಓಕೆ ಒತ್ತುವಂತಿಲ್ಲ, ನಾನು ಒತ್ತದೆ ಕಂಪ್ಯೂಟರ್ ಆಫ್ ಆಗುವಂತಿಲ್ಲ! ಸಂದೇಶದಲ್ಲೇ ದೋಷವಿದೆಯೋ ಎಂದು ತಿಳಿಯಲು, ಆನ್ ಆದಾಗಲೂ ಬರುವಂತೆ ಮಾಡಿದೆ. ಯಾರ ಕಣ್ಣಿಗೂ ತಪ್ಪಬಾರದೆಂದು, ಒಂದನ್ನು ಮುಚ್ಚಿದರೆ ಇನ್ನೊಂದು ಏಳುವ ಏರ್ಪಾಡೂ ಆಯಿತು. ಆನ್ ಮಾಡಿದೆ. ಸೊಗಸಾಗಿ ಬಂತು! ಇನ್ನು ಆಫ್ ಆಗುವಾಗ ಬರದೆ ಎಲ್ಲಿಗೆ ಹೋದೀತು ಎಂದು ಅಷ್ಟಕ್ಕೇ ಬಿಟ್ಟೆ.

ವಿಜಯದಶಮಿ ಸಂಜೆ ಮನೆ ತುಂಬ ಹೆಂಗಸರು. ಶಾರದಮ್ಮನವರು ಮಾತ್ರ ಬರಲಿಲ್ಲ. ಕಾದು ಕಾದು, ಉಳಿದವರು ಹೊರಡುವ ಆತುರದಲ್ಲಿದ್ದುದರಿಂದ ನಾಗಮಣಿ ಆರತಿ ಎತ್ತಿ, ಗೊಂಬೆ ಮಲಗಿಸಿದಳು.

"ಎಲ್ಲರೂ ಈ ಕಡೆ ನೋಡಿ!" ಎಂದು ಕಂಪ್ಯೂಟರ್ ಆಫ್ ಮಾಡಿದೆ.

ನೋಡಿದರು. ನೋಡುತ್ತಲೇ ಇದ್ದರು. ಪರದೆ ನೀಲಿಯಾಗಿ ನಿಂತುಬಿಟ್ಟಿತ್ತು.

"ಏನ್ ಸಾರ್ ನೋಡ್ಬೇಕು?" ಎಂದರು ಮೇಲಿನ ಮನೆಯವರು.

ನಾಗಮಣಿ ಹಲ್ಲು ಕಚ್ಚಿ, "ಆರಿಸ್ರೀ ಅದನ್ನ!" ಎಂದಳು. ಗಾಬರಿಯಲ್ಲಿ ನಾನು ಒತ್ತಿದ್ದು ರೀಸೆಟ್ ಗುಂಡಿ. ಕಂಪ್ಯೂಟರ್ ಹೊಸ ಹುರುಪಿನಿಂದ ಮತ್ತೆ ಎದ್ದಿತು. ಅದೇ ಹೊತ್ತಿಗೆ ಮಲ್ಲಿಗೆ ಹೂವಿನ ಪೊಟ್ಟಣ ಹಿಡಿದು ಶಾರದಮ್ಮನವರು ಬಾಗಿಲಲ್ಲಿ!

"ಬನ್ನಿ, ಬನ್ನಿ!" ಎಂದು ನಾಗಮಣಿ ಓಡಿದಳು.

ಟಣ್! ಶಾರದಮ್ಮನವರು ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದರು: "ಹೊತ್ತಾಯಿತು. ಹೋಗಿ ಬನ್ನಿ."

ಓಕೆ ಒತ್ತಿದೆ. ಹೋಗಿ ಬನ್ನಿ. ಮತ್ತೆ ಒತ್ತಿದೆ. ಹೋಗಿ ಬನ್ನಿ! ನಾಗಮಣಿಯ ಕಣ್ಣಲ್ಲಿ ನೀರು. ನನಗೆ ಗೊಂಬೆ ಜೋಡಿಸಿದ್ದ ಮೆಟ್ಟಿಲುಗಳ ಹಿಂದೆ ಅವಿತುಕೊಳ್ಳೋಣ ಎನಿಸಿತು.

ಶಾರದಮ್ಮನವರು ನನ್ನನ್ನೂ, ಪರದೆಯನ್ನೂ, ಮಲಗಿದ್ದ ಗೊಂಬೆಯನ್ನೂ ನೋಡಿದರು. "ನಾಗಮಣಿ, ಆ ಗೊಂಬೇನ ಎಬ್ಬಿಸಮ್ಮ, ನಾನಿನ್ನೂ ನೋಡಿಲ್ಲ. ಮೊದ್ಲು ಇವ್ರನ್ನ ಮಲಗ್ಸು!"

ಮನೆಯೆಲ್ಲ ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನನ್ನ ಧರ್ಮಪತ್ನಿ. ಅಂದಿನಿಂದ ಅವರಿಬ್ಬರೂ ಜೀವದ ಗೆಳತಿಯರು, ಸಂಜೆಯಾದರೆ ಕಾಂಪೌಂಡಿಗೆ ಒರಗಿ ಹರಟುತ್ತಾರೆ. ಮಾತಿಗೆ ವಿಷಯವಿಲ್ಲ ಎಂಬ ಕೊರತೆಯೇ ಇಲ್ಲ. ನಾನಿದ್ದೇನಲ್ಲ!